ಬೆಕ್ಕಿನ ಮೂಲಕ ಮಾತಾಡುತ್ತಿದ್ದ ಮೇಷ್ಟ್ರು

ಕಳೆದ ತಿಂಗಳು ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ನಿವೃತ್ತರಾದರು. ಬೀಳ್ಕೊಡುಗೆ ಸಮಾರಂಭದಲ್ಲಿ ಮಾತಾಡಿದವರೆಲ್ಲ ಅವರನ್ನು ಶಿಸ್ತಿನ ಸಿಪಾಯಿ ಅಂದರು, ಸರಳ ಸಜ್ಜನಿಕೆಯ ಮೂರ್ತಿ ಅಂದರು, ವಿದ್ಯಾರ್ಥಿಗಳ ಪಾಲಿನ ದಾರಿದೀಪ ಅಂದರು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿಯುವ ಹೊತ್ತಿಗೆ ನನಗೆ ರೇಗಿಹೋಗಿತ್ತು. ಆ ಮಾತುಗಳನ್ನು ಗುಂಡ್ಲುಪೇಟೆಯಲ್ಲಿ ನಿವೃತ್ತರಾಗುವ ಯಾರಿಗೆ ಬೇಕಾದರೂ ಹೇಳಬಹುದು. ಮೇಷ್ಟ್ರು ತಮ್ಮ ಮನೆಯ ಹಿತ್ತಲಲ್ಲಿ ಮಂಡಿಯೂರಿ ಅಂಬೆಗಾಲಿಟ್ಟು ಓಡಾಡಿ ಮಿಯಾಂವ್ ಅಂದಿದ್ದನ್ನು ಒಬ್ಬರೂ ಹೇಳಲಿಲ್ಲ. ಅದೇ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾ, ಅವರ ಪಕ್ಕದ ಮನೆಯಲ್ಲೇ ಇದ್ದುಕೊಂಡು, ಕಾಂಪೌಂಡಿನ ಮೇಲಿಂದ ಅದನ್ನು ಕಣ್ಣಾರೆ ಕಂಡವಳು ನಾನು. ಆದ್ದರಿಂದ ನಾನೇ ಬರೆಯಬೇಕು.

ಅಂಗಿ ಜೇಬಿನಲ್ಲಿ ಎರಡು ಪೆನ್ನು, ಒಂದು ಟೆಸ್ಟರ್. ಇದು ಅವರ ಖಾಯಂ ವೇಷ. ಮದುವೆ ಮನೆಗೂ ಟೆಸ್ಟರ್ ಇಟ್ಟುಕೊಂಡೇ ಬರುತ್ತಿದ್ದರು. ಯಾರು ಏನು ಹೇಳಿದರೂ ಕನ್ನಡಕ ತೆಗೆದು, ಅದಕ್ಕೊಮ್ಮೆ ಉಫ್ ಅಂತ ಊದಿ, ಪಂಚೆಯಲ್ಲೋ ಕರ್ಚೀಫಿನಲ್ಲೋ ಒರೆಸಿ, ಮತ್ತೆ ಹಾಕಿಕೊಂಡು, "ಪ್ರೂಫ್ ಏನು?" ಅನ್ನುತ್ತಿದ್ದರು. ಮಳೆ ಬರುತ್ತೆ ಸರ್, ಛತ್ರಿ ತಗೊಳ್ಳಿ ಅಂದರೆ ಪ್ರೂಫ್ ಕೇಳುತ್ತಿದ್ದರು. ಸ್ಟಾಫ್ ರೂಮಿಗೆ ತೊಯ್ದು ತೊಪ್ಪೆಯಾಗಿ ಬಂದು ನಿಂತಾಗ ನಾವೆಲ್ಲ ನಕ್ಕರೆ, ಈಗ ಪ್ರೂಫ್ ಸಿಕ್ಕಿತು ಎಂದು ತಾವೂ ನಗುತ್ತಿದ್ದರು.

ಒಂದು ಸಲ ಬೇಗೂರಿನ ಕಡೆಯ ಹುಡುಗಿಯೊಬ್ಬಳು ಅಜ್ಜಿಗೆ ಹುಷಾರಿಲ್ಲ ಎಂದು ರಜೆ ಕೇಳಿದಳು. ಮೇಷ್ಟ್ರು ಕನ್ನಡಕ ಊದಿದರು. ಮಾರನೆಯ ದಿನ ಹುಡುಗಿ ಅಜ್ಜಿಯನ್ನೇ ಆಟೊದಲ್ಲಿ ಕರೆತಂದುಬಿಟ್ಟಳು. ಆಯಮ್ಮ ಕಂಬಳಿ ಹೊದ್ದುಕೊಂಡು ಸ್ಟಾಫ್ ರೂಮಿಗೆ ಬಂದವರೇ ಮೇಷ್ಟ್ರ ಕುರ್ಚಿಯಲ್ಲಿ ಕೂತರು.

"ಎಲ್ಲಪ್ಪಾ ಅಂವ, ನಾನು ಕಾಯ್ಲ ಬಿದ್ದಿರೋದ್ಕ ಸಾಕ್ಸಿ ಬೇಕು ಅಂದವ್ನು?"

ಮೇಷ್ಟ್ರು ಎದ್ದು ನಿಂತು, ನಾನೇ ಕಣಮ್ಮ ಅಂದರು.

"ಬಾ ಇಲ್ಲಿ. ನಾಲ್ಗ ನೋಡು. ಕೈ ಇಡ್ದು ನೋಡು, ಜ್ವರ ಅದೋ ಇಲ್ವೋ. ಕಣ್ ಬೇಕಾದ್ರೂ ಬುಡುಸ್ತೀನಿ, ನೋಡ್ಕೊ."

ಮೇಷ್ಟ್ರು ನಾಲಗೆಯನ್ನೂ ನೋಡಿದರು, ಕೈಯನ್ನೂ ಹಿಡಿದರು, ಆಮೇಲೆ ಕ್ಯಾಂಟೀನಿನಿಂದ ಚಹಾ ತರಿಸಿ ಕುಡಿಸಿ, ತಾವೇ ಜೊತೆಗೆ ಹೋಗಿ ಬಸ್ಸು ಹತ್ತಿಸಿ ಬಂದರು. ಅಂದಿನಿಂದ ಪ್ರೂಫ್ ಕೇಳುವುದನ್ನೇನೂ ಬಿಡಲಿಲ್ಲ. ಅಜ್ಜಿಯರಿಗೆ ಮಾತ್ರ ವಿನಾಯಿತಿ ಕೊಟ್ಟರು.

ಅವರ ಇನ್ನೊಂದು ಚಟವೆಂದರೆ ಮ್ಯಾನ್ಯುಯಲ್ ಓದುವುದು. ಮನೆಗೆ ಹೊಸ ಮಿಕ್ಸಿ ಬಂದರೆ ಅದರ ಜೊತೆಯ ಪುಸ್ತಕ ಪೂರ್ತಿ ಓದದೆ ಪ್ಲಗ್ ಹಾಕುವಂತಿಲ್ಲ. ಕನ್ನಡ, ಹಿಂದಿ, ಇಂಗ್ಲಿಷ್ ಮೂರನ್ನೂ ಓದಿ, ಮೂರರಲ್ಲೂ ಒಂದೇ ವಿಷಯ ಇದೆಯೇ ಎಂದು ತಾಳೆ ನೋಡುತ್ತಿದ್ದರು. ಅಲ್ಲಿಯ ತನಕ ಆ ಮನೆಯವರು ನಮ್ಮ ಮನೆಗೆ ಬಂದು ಚಟ್ನಿ ರುಬ್ಬಿಕೊಂಡು ಹೋಗುತ್ತಿದ್ದರು.

ಆ ಮನೆಯವರು ಅಂದರೆ ಮೇಷ್ಟ್ರ ಹೆಂಡತಿ ಮತ್ತು ಹೆಂಡತಿಯ ತಾಯಿ. ಹೆಂಡತಿಗೆ ಚಾಮರಾಜನಗರದಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಮುಖ ಕಾಣುವುದು. ಅತ್ತೆಯವರು ಉಮ್ಮತ್ತೂರಿನವರು, ಗಂಡ ತೀರಿಹೋದ ಮೇಲೆ ಮಗಳ ಮನೆಗೆ ಬಂದವರು. ಅಳಿಯನ ಎದುರು ನಿಂತು ಮಾತಾಡುವುದು ಅವರ ಕಾಲದ ಹೆಂಗಸರಿಗೆ ಮರ್ಯಾದೆಯಲ್ಲ. ಅಳಿಯ ಹಾಲಿಗೆ ಬಂದರೆ ಇವರು ಅಡುಗೆಮನೆಯ ಬಾಗಿಲ ಹಿಂದೆ. ಮೇಷ್ಟ್ರೂ ಕ್ಲಾಸಿನಲ್ಲಿ ಸಿಂಹ, ಅತ್ತೆಯ ಮುಂದೆ ಬಾಯಿ ಬಾರದವರು. ಹಾಗಿದ್ದರೆ ಹಗಲೆಲ್ಲ ಆ ಮನೆಯಲ್ಲಿ ಮಾತುಕತೆ ನಡೆಯುವುದು ಹೇಗೆ? ಅದಕ್ಕೆ ಕೆಂಚ ಇದ್ದ.

ಕೆಂಚ ಎಂದರೆ ಅತ್ತೆಯವರು ಮರಿಯಿಂದ ಸಾಕಿದ ಕೆಂಬಣ್ಣದ ಗಂಡು ಬೆಕ್ಕು. ಸೋಫಾದ ಮೇಲೆ ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿರುತ್ತಿತ್ತು. ಅದರ ತಲೆಯ ಮೇಲಿಂದ ಸಂಭಾಷಣೆ ಹಾದುಹೋಗುತ್ತಿತ್ತು.

"ಲೋ ಕೆಂಚ, ಮುದ್ದ ಆಗದ, ಕೈ ತೊಳ್ಕೊಂಡು ಬರ್ಬೋದು ಅಂತ ಯೋಳ್ಲಾ," ಎಂದು ಬಾಗಿಲ ಹಿಂದಿನಿಂದ ಅತ್ತೆ.

"ಕೆಂಚ, ಐದು ನಿಮಿಷ ಅಂತ ಹೇಳಪ್ಪ. ಪೇಪರ್ ತಿದ್ತಾ ಇದ್ದೀನಿ," ಎಂದು ಹಾಲಿನಿಂದ ಮೇಷ್ಟ್ರು.

"ಆರೋದ್ರೆ ಗಂಟ್ಲಲ್ಲಿ ಇಳೀದು ಅಂತ ಯೋಳು."

"ಬಂದೆ ಅಂತ ಹೇಳು."

ಜಗಳವೂ ಹೀಗೆಯೇ. ಕೆಂಚ, ಈ ಮನೆಯಲ್ಲಿ ಉಪ್ಪು ಮುಗಿದಿದೆಯಾ ಅಂತ ಕೇಳು ಎಂದು ಇವರು. ಬಿ.ಪಿ. ಇರೋರ್ಗ ಅಷ್ಟೇ ಉಪ್ಪು ಅಂತ ಡಾಕ್ಟ್ರು ಯೋಳವ್ರೆ, ಡಾಕ್ಟ್ರನ್ನ ಕೇಳ್ಲಿ ಅಂತ ಯೋಳು ಎಂದು ಅವರು. ಕೆಂಚ ಒಂದು ಕಿವಿ ಅಲ್ಲಾಡಿಸುತ್ತಿತ್ತು. ನಾನೊಮ್ಮೆ ತಡೆಯಲಾರದೆ, ನೇರವಾಗಿ ಮಾತಾಡಬಾರದೇ ಸರ್ ಅಂತ ಕೇಳಿದೆ. "ಬೆಕ್ಕಿನ ಮೂಲಕ ಬಂದ್ರೆ ಮಾತು ಸೋಸಿ ಬರುತ್ತೆ ಮೇಡಂ. ಕಲ್ಲು, ಮಣ್ಣು ಎಲ್ಲ ಅಲ್ಲೇ ನಿಂತುಬಿಡುತ್ತೆ," ಅಂದರು. ಆ ಮಾತಿಗೆ ನಾನು ಪ್ರೂಫ್ ಕೇಳಲಿಲ್ಲ. ನಾನೂ ನನ್ನ ಗಂಡನೂ ಬೆಕ್ಕಿಲ್ಲದೆ ಮಾತಾಡಿಕೊಳ್ಳುವವರು, ಅದರ ಪರಿಣಾಮ ಬೀದಿಗೆಲ್ಲ ಕೇಳಿಸುತ್ತದೆ.

ಒಂದು ವರ್ಷ ಆಯುಧಪೂಜೆಯ ಹಿಂದಿನ ದಿನ ಮೇಷ್ಟ್ರು ಸ್ಕೂಟರ್ ತೊಳೆಯಲು ಪೈಪು ಹಿಡಿದರು. ಸ್ಕೂಟರಿನ ಅಡಿಯಲ್ಲಿ ಕೆಂಚ ಮಲಗಿದ್ದನ್ನು ನೋಡಲಿಲ್ಲ. ನೀರು ನೇರ ಅದರ ಮುಖಕ್ಕೆ ಬಡಿಯಿತು. ಬೆಕ್ಕು ಚಂಗನೆ ಹಾರಿ, ಹಿತ್ತಲಿನ ಗೋಡೆ ದಾಟಿ, ಹೋದದ್ದು ಹೋಯಿತು. ಸಂಜೆಗೂ ಬರಲಿಲ್ಲ.

ಅಂದು ಅತ್ತೆಯವರು ಊಟ ಬಿಟ್ಟರು. ಮಗಳು ಕೇಳಿದರೆ, ವಟ್ಟ ಸರಿ ಇಲ್ಲ ಕಣವ್ವ ಎಂದು ಮಜ್ಜಿಗೆ ಕುಡಿದು ಮಲಗಿದರು. ಮೇಷ್ಟ್ರ ಪಾಡು ಇನ್ನೂ ಕಷ್ಟ. ತಪ್ಪಾಯಿತು ಅನ್ನಬೇಕು, ಆದರೆ ಯಾರ ಮೂಲಕ ಅನ್ನುವುದು? ಅತ್ತೆಗೂ ಅಳಿಯನನ್ನು ಬೈಯುವ ಆಸೆ, ಯಾರ ಮೂಲಕ ಬೈಯುವುದು? ಮಾತು ನಡೆಸುತ್ತಿದ್ದವನೇ ಓಡಿಹೋಗಿದ್ದ. ಅತ್ತೆಯವರು ತಮ್ಮ ಬಟ್ಟೆಯನ್ನೆಲ್ಲ ಬ್ಯಾಗಿಗೆ ತುಂಬಿ, ಹಬ್ಬ ಮುಗಿದ ಮೇಲೆ ಸೋಮವಾರದ ಬಸ್ಸಿಗೆ ಉಮ್ಮತ್ತೂರಿಗೆ, ತಮ್ಮನ ಮನೆಗೆ ಹೋಗುವುದಾಗಿ ಮಗಳಿಗೆ ಹೇಳಿದರು. ಹೋದರೆ ಮತ್ತೆ ಬರುವ ಹೆಂಗಸಲ್ಲ ಎಂದು ಮಗಳು ನಮ್ಮ ಮನೆಗೆ ಬಂದು ಕಣ್ಣೀರು ಹಾಕಿದಳು.

ಮೇಷ್ಟ್ರು ಆ ಸಂಜೆಯೇ ಬೇಗೂರಿಗೆ ಹೋದರು. ಅಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬ ಬಾಳೆ ತೋಟ ಮಾಡಿಕೊಂಡಿದ್ದ. ಕಾಡುಹಂದಿ ಯಾವ ಕಡೆಯಿಂದ ನುಗ್ಗುತ್ತದೆ ಎಂದು ತಿಳಿಯಲು ಟ್ರೇಲ್ ಕ್ಯಾಮೆರಾ ತರಿಸಿದ್ದ. ಊಟದ ಡಬ್ಬಿಯಷ್ಟು ದೊಡ್ಡ ಹಸಿರು ಪೆಟ್ಟಿಗೆ. ಮರಕ್ಕೆ ಕಟ್ಟಿಬಿಟ್ಟರೆ ಎದುರಿಗೆ ಯಾವ ಪ್ರಾಣಿ ಸುಳಿದರೂ ತಾನೇ ಫೋಟೊ ತೆಗೆದು ಒಳಗಿನ ಕಾರ್ಡಿನಲ್ಲಿ ಇಟ್ಟುಕೊಳ್ಳುತ್ತದೆ. ಮೇಷ್ಟ್ರು ಅಂಥ ಎರಡು ಕ್ಯಾಮೆರಾ ಇಸಿದುಕೊಂಡು ಬಂದರು. ಮ್ಯಾನ್ಯುಯಲ್ಲನ್ನೂ ಮರೆಯಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ನಾನು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಾಗಲೇ ಆ ದೃಶ್ಯ ಕಂಡದ್ದು. ಕ್ಯಾಮೆರಾವನ್ನು ನುಗ್ಗೆ ಮರಕ್ಕೆ ಬಿಗಿದ ಮೇಲೆ, ಹುಡುಕುತ್ತಿರುವ ಪ್ರಾಣಿಯ ಎತ್ತರದಲ್ಲಿ ಅದರ ಎದುರು ನಡೆದು ಪರೀಕ್ಷಿಸಬೇಕು ಎಂದು ಮ್ಯಾನ್ಯುಯಲ್ಲಿನಲ್ಲಿ ಬರೆದಿತ್ತಂತೆ. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಕೈಯೂರಿ, ಮಂಡಿಯೂರಿ, ಎಡದಿಂದ ಬಲಕ್ಕೆ ಹೋದರು, ಬಲದಿಂದ ಎಡಕ್ಕೆ ಬಂದರು. ಮಿಯಾಂವ್ ಅನ್ನಬೇಕೆಂದು ಮ್ಯಾನ್ಯುಯಲ್ಲಿನಲ್ಲಿ ಇರಲಾರದು, ಅದು ಅವರ ಸ್ವಂತದ ಸೇರ್ಪಡೆ. ನನ್ನನ್ನು ಕಂಡು ಹಾಗೆಯೇ ತಲೆ ಎತ್ತಿ, "ನಮಸ್ಕಾರ ಮೇಡಂ, ಹಬ್ಬ ಜೋರಾ?" ಅಂದರು.

ಆಮೇಲೆ ಅವರು ಕಾಲೇಜಿನ ಲ್ಯಾಬಿನ ಪೂಜೆಗೆ ಹೋದರು. ಮಧ್ಯಾಹ್ನವೆಲ್ಲ ಸ್ಕೂಟರಿನಲ್ಲಿ ಬೀದಿ ಬೀದಿ ತಿರುಗಿ ಕೆಂಚನನ್ನು ಕೂಗಿದರು. ಇತ್ತ ಮನೆಯಲ್ಲಿ ಅತ್ತೆಯವರು ಮಿಕ್ಸಿ, ಹೊಲಿಗೆ ಯಂತ್ರ, ಈಳಿಗೆ ಮಣೆ, ಗುದ್ದಲಿ ಎಲ್ಲಕ್ಕೂ ಪೂಜೆ ಮಾಡುತ್ತಾ ನುಗ್ಗೆ ಮರದ ಹತ್ತಿರಕ್ಕೆ ಹಿಂಬದಿಯಿಂದ ಬಂದರು. ಪೆಟ್ಟಿಗೆಯೂ ಒಂದು ಯಂತ್ರ ತಾನೇ. ಅದನ್ನು ಬಿಟ್ಟರೆ ಮುನಿಸಿಕೊಂಡು ಬೆಕ್ಕನ್ನು ತೋರಿಸದೆ ಹೋದರೆ? ಹಾಗಾಗಿ ಅದಕ್ಕೂ ವಿಭೂತಿ ಬಳಿದು, ನಡುಮಧ್ಯೆ ಹಣೆಯಂತೆ ಹೊಳೆಯುತ್ತಿದ್ದ ಗಾಜಿಗೆ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಇಳಿಬಿಟ್ಟರು. ಮಾರನೆಯ ದಿನ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಬಾಡಿದ ಹೂವನ್ನೆಲ್ಲ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟರು. ಮೇಷ್ಟ್ರು ಎದ್ದು ಬಂದು ಕಾರ್ಡು ತೆಗೆಯುವಾಗ ಪೆಟ್ಟಿಗೆ ಫಳಫಳ ಹೊಳೆಯುತ್ತಿತ್ತು.

ಬೆಳಿಗ್ಗೆಯೇ ಲ್ಯಾಪ್‌ಟಾಪ್ ಎದೆಗವಚಿಕೊಂಡು ನಮ್ಮ ಮನೆಗೆ ಓಡಿ ಬಂದರು. "ಮೇಡಂ, ಪ್ರೂಫ್ ಸಿಕ್ಕಿತು. ಕೆಂಚ ಬಂದಿದ್ದಾನೆ. ಬರೀ ಬಂದಿಲ್ಲ, ಕ್ಯಾಮೆರಾಕ್ಕೆ ಮೈ ಉಜ್ಜಿ ಹೋಗಿದ್ದಾನೆ."

ನೋಡಿದೆ. ಮೊದಲಿನ ಫೋಟೊಗಳಲ್ಲಿ ಪಂಚೆ ಎತ್ತಿ ಕಟ್ಟಿದ ಭೌತಶಾಸ್ತ್ರ. ಅಲ್ಲಿಂದ ಮುಂದೆ ಬಿಸಿಲಿರುವ ತನಕ ರಾಶಿ ರಾಶಿ ಫೋಟೊ. ಎಲ್ಲದರಲ್ಲೂ ಕೆಂಪು ಮಂಜು, ಅದರಾಚೆ ಕೇಸರಿ ಬಣ್ಣದ್ದೇನೋ ಪೊದೆಪೊದೆಯಾಗಿ ಅತ್ತಿತ್ತ ತೂಗುತ್ತಿದೆ. "ನೋಡಿ, ಇದು ಕೆನ್ನೆ. ಇದು ಹೊಟ್ಟೆ. ಇದು ಬಾಲದ ಬುಡ," ಎಂದು ಮೇಷ್ಟ್ರು ಬೆರಳಿಟ್ಟು ತೋರಿಸಿದರು. ನನಗೂ ಬಾಲದ ಬುಡ ಕಂಡಂತೆಯೇ ಆಯಿತು. ಅಷ್ಟರಲ್ಲಿ ಒಂದು ಫೋಟೊದ ಮೂಲೆಯಲ್ಲಿ ಬಿಳಿಯ ಗಂಟು ಕಾಣಿಸಿತು.

"ಸರ್, ಬೆಕ್ಕಿಗೆ ದಾರ ಇರುತ್ತಾ?"

ದೊಡ್ಡದು ಮಾಡಿ ನೋಡಿದರು. ದಾರ, ದಾರದ ಪಕ್ಕ ಮಾವಿನೆಲೆ. ಮೇಷ್ಟ್ರು ಕನ್ನಡಕ ತೆಗೆದರು, ಊದಲಿಲ್ಲ, ಹಾಗೆಯೇ ಕೈಯಲ್ಲಿ ಹಿಡಿದು ಕೂತರು. ಪಾಪ ಅನ್ನಿಸಿತು ನನಗೆ. "ಈಗ ತಾನೇ ಅತ್ತೆಗೆ ತೋರಿಸಿ ಬಂದೆ ಮೇಡಂ. ಅಡುಗೆಮನೆ ಬಾಗಿಲಿಗೆ ಸ್ಕ್ರೀನ್ ತಿರುಗಿಸಿಟ್ಟು, ಗೋಡೆ ಕಡೆ ನೋಡ್ಕೊಂಡು, ಕೆಂಚ ಬಂದಿದ್ದ ಅಂತ ಹೇಳಿದೆ. ಅವ್ರು ಉಪ್ಪಿಟ್ಟು ತಿಂದ್ರು. ಎರಡು ಸಲ ಹಾಕ್ಕೊಂಡ್ರು."

"ಈಗೇನು ಹೇಳ್ತೀರಿ?"

ಮಳೆಗೂ ಜ್ವರಕ್ಕೂ ಸಾಕ್ಷಿ ಕೇಳುತ್ತಿದ್ದ ಮನುಷ್ಯ ಕೊನೆಗೆ, "ದಿನಾ ಬಂದು ಹೋಗ್ತಿದ್ದಾನೆ ಅಂತ ಹೇಳ್ತೀನಿ. ಉಣ್ಣಲಿ," ಅಂದರು. ಅವರ ಬಗ್ಗೆ ನನಗೆ ನಿಜವಾದ ಗೌರವ ಹುಟ್ಟಿದ್ದು ಆ ದಿನ.

ಇನ್ನೊಂದು ಕ್ಯಾಮೆರಾ ಹಾಗೇ ಇತ್ತು. ಆಹಾರ ಸಿಗುವ ಜಾಗದ ಬಳಿ ಕಟ್ಟಬೇಕೆಂದು ಮ್ಯಾನ್ಯುಯಲ್ ಹೇಳುತ್ತದೆ, ಎಲ್ಲಿ ಕಟ್ಟಲಿ ಎಂದು ನನ್ನನ್ನು ಕೇಳಿದರು. ಕೇರಳ ರಸ್ತೆಯಲ್ಲಿರುವ ಮೀನೂಟದ ಹೋಟೆಲಿನ ಹಿಂದೆ ಎಂದೆ. ಮೇಷ್ಟ್ರ ಮುಖ ಕೆಂಪಗಾಯಿತು. "ನಮ್ಮ ಕೆಂಚ ಹುಟ್ಟಾ ಸಸ್ಯಾಹಾರಿ ಮೇಡಂ. ಮೊಸರನ್ನ ಬಿಟ್ಟು ಬೇರೇನೂ ಮುಟ್ಟಿದವನಲ್ಲ."

"ಪ್ರೂಫ್ ಏನು?" ಎಂದೆ. ಎಷ್ಟೋ ವರ್ಷದ ಆಸೆ ತೀರಿತು. ಅವರು ಹೋಗಿ ಹೋಟೆಲಿನವರನ್ನು ಕೇಳಿ ಕ್ಯಾಮೆರಾ ಕಟ್ಟಿ ಬಂದರು. ಹಿತ್ತಲಿನ ಕ್ಯಾಮೆರಾವನ್ನೂ ಫೋಟೊದಿಂದ ವಿಡಿಯೊಗೆ ಬದಲಾಯಿಸಿದರು. ಚೆಂಡುಹೂವು ಇನ್ನೊಮ್ಮೆ ತಮ್ಮನ್ನು ಏಮಾರಿಸಬಾರದು ಎಂಬುದು ಅವರ ಹಟ.

ಭಾನುವಾರ ಬೆಳಿಗ್ಗೆ ಎರಡು ಕಾರ್ಡನ್ನೂ ತೆಗೆದುಕೊಂಡು ನಮ್ಮ ಜಗಲಿಗೆ ಬಂದರು. ಮರುದಿನ ಅತ್ತೆಯವರ ಬಸ್ಸು. ಉಪ್ಪಿಟ್ಟು ತಿಂದರೂ ಅವರು ಬ್ಯಾಗು ಬಿಚ್ಚಿರಲಿಲ್ಲ.

ಹಿತ್ತಲಿನ ಕಾರ್ಡಿನಲ್ಲಿ ಮೊದಲು ಒಂದು ಮುಂಗುಸಿ. ಆಮೇಲೆ ಬೀದಿಗೆಲ್ಲ ಪ್ರಾಮಾಣಿಕತೆಯ ಉಪನ್ಯಾಸ ಕೊಡುವ ಮೂಲೆಮನೆಯ ನಿವೃತ್ತ ಅಧಿಕಾರಿಗಳು, ಕೊಕ್ಕೆ ಕೋಲು ಹಿಡಿದು ಗೋಡೆಯಾಚೆಯಿಂದ ಮೇಷ್ಟ್ರ ಮನೆಯ ದಾಸವಾಳ ಕೀಳುತ್ತಿದ್ದಾರೆ. ಆಮೇಲೆ ನನ್ನ ಗಂಡ. ಡಾಕ್ಟರು ಹೇಳಿದ್ದಾರೆಂದು ದಿನಾ ವಾಕಿಂಗ್ ಹೋಗುವ ಈ ಮಹಾನುಭಾವರು ನುಗ್ಗೆ ಮರದ ಎದುರಿನ ಗೋಡೆಗೆ ಒರಗಿಕೊಂಡು ಪೊಟ್ಟಣ ಬಿಚ್ಚಿ ವಡೆ ತಿನ್ನುತ್ತಿದ್ದರು. ಮೇಷ್ಟ್ರು ಮರ್ಯಾದಸ್ಥರು, ಬೇಗ ಮುಂದಕ್ಕೆ ಓಡಿಸಿದರು. ನಾನು ಹಿಂದಕ್ಕೆ ಓಡಿಸಿ ಮತ್ತೊಮ್ಮೆ ನೋಡಿದೆ.

ಕೊನೆಯಲ್ಲಿ ಅತ್ತೆಯವರು ಬಂದರು. ಬೆಳಕು ಆಗಷ್ಟೇ ಹರಿದಿತ್ತು. ಕೈಯಲ್ಲಿ ಪೊರಕೆ. ಕ್ಯಾಮೆರಾದ ಮುಂದೆ ಕುಕ್ಕರಗಾಲಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಅದಕ್ಕೇ ಮಾತಾಡತೊಡಗಿದರು. ಆ ಪೆಟ್ಟಿಗೆಗೆ ಕಿವಿಯೂ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ.

"ನೋಡಪ್ಪಾ, ಕೆಂಚ ಇಲ್ಲ, ನಿಂಗೇ ಯೋಳ್ತೀನಿ. ಅದು ಚೆಂಡೂವ ಕಣಪ್ಪಾ. ನಾನೇ ಕಟ್ಟಿದ ಆರ ನಂಗೊತ್ತಾಗಲ್ವ? ಅಷ್ಟು ಖುಸಿಯಾಗಿ ತೋರುಸ್ಕೊಂಡು ಬಂದ್ರು, ಊವ ಅನ್ನಕ ಬಾಯಿ ಬರ್ನಿಲ್ಲ. ಉಂಬುಟ್ಟಿ. ಆಮ್ಯಾಕ ಅವ್ರ್ಗೂ ಗೊತ್ತಾಗದ, ಮೊಕ ನೋಡುದ್ರೆ ತಿಳೀತದ. ಆದ್ರೂ ದಿನಾ ಬತ್ತಾವ್ನೆ ಅಂತಾರೆ. ಸುಳ್ಳು ಯೋಳಾಕೂ ಬರ್ದವ್ರು ನನ್ಗೋಸ್ಕರ ಯೋಳ್ತಾವ್ರೆ. ಒಳ್ಳೇವ್ರು ಕಣಪ್ಪಾ. ನಾಳಕ ವೋಯ್ತೀನಿ. ಮಗ್ಳು ಬೆಳಗ್ಗ ವೋದ್ರೆ ಸಂಜಕ. ಕೆಂಚ ಇಲ್ದೆ ನಾನು ಯಾರ್ ಜೊತ ಮಾತಾಡ್ಲಿ? ಇರೀ ಅಂತ ಒಂದ್ ಮಾತು ಅಂದಿದ್ರೆ ಇರ್ತಿದ್ದಿ."

ವಿಡಿಯೊ ನಿಂತಿತು. ಮೇಷ್ಟ್ರು ಅದನ್ನು ಮತ್ತೆ ಹಾಕಲಿಲ್ಲ. ಎದ್ದು ಹೋಗಿ ನಮ್ಮ ತುಳಸಿ ಕಟ್ಟೆಯ ಹತ್ತಿರ ಸ್ವಲ್ಪ ಹೊತ್ತು ನಿಂತು ಬಂದರು. "ಇದಕ್ಕೆ ಕೇಳಿಸುತ್ತೆ ಅಂತ ಅವರಿಗೆ ಹೇಳ್ಬೇಡಿ ಮೇಡಂ," ಅಂದರು.

ಎರಡನೆಯ ಕಾರ್ಡಿನಲ್ಲಿ ಹುಡುಕುವ ಕೆಲಸವೇ ಇರಲಿಲ್ಲ. ಮೊದಲ ಫೋಟೊದಲ್ಲೇ ಕೆಂಚ, ಮುಂಚಿಗಿಂತ ದುಂಡಗಾಗಿ, ಬಾಯಲ್ಲಿ ಮೀನಿನ ತಲೆ ಕಚ್ಚಿಕೊಂಡು ಕ್ಯಾಮೆರಾವನ್ನೇ ದಿಟ್ಟಿಸುತ್ತಿತ್ತು.

ನನ್ನನ್ನು ಹಿಂದೆ ಕೂರಿಸಿಕೊಂಡು ಮೇಷ್ಟ್ರು ಸ್ಕೂಟರ್ ಓಡಿಸಿದರು. ನನ್ನ ತೊಡೆಯ ಮೇಲೆ ಮುಚ್ಚಳದ ಬೆತ್ತದ ಬುಟ್ಟಿ. ಹೋಟೆಲಿನವರು ವಯನಾಡಿನ ಕಡೆಯವರು, ಸಂಭಾವಿತರು. "ಸಾರೇ, ಈ ಪೂಚ್ಚ ನಿಮ್ದಾ? ದಿವಸಾ ಬರ್ತದೆ. ಚಿಕ್ಕ ಮೀನು ಕೊಟ್ರೆ ಮೂಸಿ ನೋಡಿ ಬಿಡ್ತದೆ. ದೊಡ್ಡದ್ರ ತಲೇನೇ ಆಗ್ಬೇಕು," ಎಂದು ದೂರಿದರು. ಮೇಷ್ಟ್ರು ಮಾಂಸಾಹಾರದ ಮಾತೆತ್ತಲಿಲ್ಲ. ಕೆಂಚನಿಗೆ ಮಾತ್ರ ಮೊಸರನ್ನದ ಮನೆಗೆ ಮರಳುವ ಇಷ್ಟ ಎಳ್ಳಷ್ಟೂ ಇರಲಿಲ್ಲ. ಬುಟ್ಟಿಗೆ ತುಂಬುವಷ್ಟರಲ್ಲಿ ಮೇಷ್ಟ್ರ ಮೊಣಕೈ ತನಕ ಪರಚಿ ಗೀರು ಗೀರು ಮಾಡಿತ್ತು.

ವಾಪಸು ಬರುವಾಗ ದಾರಿಯುದ್ದಕ್ಕೂ ಮೇಷ್ಟ್ರು ಪಾಠ ಒಪ್ಪಿಸಿದರು. "ಅತ್ತೆ, ಊರಿಗೆ ಹೋಗಬೇಡಿ. ಇಲ್ಲೇ ಇರಿ. ಸರಿಯಾ ಮೇಡಂ? 'ದಯವಿಟ್ಟು' ಸೇರಿಸಲಾ?" ಸೇರಿಸಿ ಎಂದೆ. ಸೇರಿಸಿಕೊಂಡು ಮತ್ತೆ ಹೇಳಿದರು. ಬಸ್‌ಸ್ಟ್ಯಾಂಡು ದಾಟುವ ಹೊತ್ತಿಗೆ 'ದಯವಿಟ್ಟು' ತೀರಾ ಆಫೀಸಿನ ಅರ್ಜಿಯ ಹಾಗಿದೆ ಅನ್ನಿಸಿ ತೆಗೆದರು.

ಸ್ಕೂಟರಿನ ಸದ್ದು ಕೇಳಿ ಅತ್ತೆಯವರು ಬಾಗಿಲ ಹಿಂದೆ ನಿಲ್ಲದೆ ಬೀದಿ ಬಾಗಿಲಿಗೇ ಬಂದುಬಿಟ್ಟರು. ನಾನು ಬುಟ್ಟಿ ಇಳಿಸಿ ಮುಚ್ಚಳ ತೆಗೆದೆ. ಕೆಂಚ ಹೊರಬಂದು, ಮೈ ಮುರಿದು, ಏನೂ ಆಗಿಲ್ಲವೆಂಬಂತೆ ಅವರಿಬ್ಬರ ಮಧ್ಯೆ ಮೆಟ್ಟಿಲ ಮೇಲೆ ಮಲಗಿತು. ಮೈಯೆಲ್ಲ ಮೀನಿನ ವಾಸನೆ. ಅತ್ತೆಯವರು ಒಂದು ಗಳಿಗೆ ಬೆಕ್ಕನ್ನು ನೋಡಿದರು, ಆಮೇಲೆ ಅಳಿಯನ ರಕ್ತದ ಕೈಯನ್ನು ನೋಡಿದರು.

ಮೇಷ್ಟ್ರು ಬಾಯಿ ತೆರೆದರು. ಅತ್ತೆ ಎಂಬುದು ಬರಲಿಲ್ಲ. ಮತ್ತೆ ತೆರೆದರು. ನಾನು ಹಿಂದಿನಿಂದ, ಹೇಳಿ ಸರ್ ಎಂದೆ. ಅವರು ಬೆವರಿ, ತಲೆ ತಗ್ಗಿಸಿ, ಮೆಟ್ಟಿಲ ಕಡೆ ನೋಡುತ್ತಾ, "ಕೆಂಚ, ಊರಿಗೆ ಹೋಗ್ಬೇಡಿ, ಇಲ್ಲೇ ಇರಿ ಅಂತ ಹೇಳಪ್ಪ," ಅಂದರು.

ಅತ್ತೆಯವರು ಬೆಕ್ಕನ್ನು ಕಾಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಅವನ್ಗ್ಯಾಕ? ನನ್ಗೇ ಯೋಳಿ."